ಮಾವನ ಕೂಗಿದ್ದ ಪ್ಲೇಯರ್

ಹೆದ್ದಾರಿಯ ನಟ್ಟನಡುವೆ ಕುರಿಗಳು ಚದುರಿ ನಿಂತಿವೆ, ಅತ್ತಲಿಂದ ಲಾರಿ ಬರುತ್ತಿದೆ, ಮಾವ ಕರೆಯಲು ಬಾಯಿ ತೆರೆದರೆ ದನಿಯೇ ಇಲ್ಲ. ಬೆಳಗಿನಿಂದ ಮಲ್ಲೇಶ್ವರಿಯ ಕಣ್ಣ ಮುಂದೆ ಇದೊಂದೇ ಚಿತ್ರ. ಒಲೆ ಮೇಲಿನ ಹಾಲು ಉಕ್ಕಿತು, ಪುಟ್ಟ ಮಗಳು ಮಾಯಾ ಚಹಾಪುಡಿಯ ಡಬ್ಬಿ ಬೋರಲು ಹಾಕಿದಳು, ಆ ಚಿತ್ರ ಮಾತ್ರ ಕದಲಲಿಲ್ಲ.

ಬೀದರಿನ ಆ ಬಾಡಿಗೆ ಮನೆಯ ಮೇಜಿನ ಮೇಲೆ ಅಂಗೈಯಗಲದ ಹಳೆಯ ಮ್ಯೂಸಿಕ್ ಪ್ಲೇಯರೊಂದು ಕಂಪ್ಯೂಟರಿಗೆ ತಂತಿ ಕಟ್ಟಿಕೊಂಡು ಬಿದ್ದಿತ್ತು. ಗಂಡ ಸತೀಶಕುಮಾರ ಕಾಲೇಜಿನಲ್ಲಿದ್ದಾಗ ಕೊಂಡದ್ದು. ಪರದೆಯ ಮೇಲೆ ಬಿಳಿ ಗೆರೆ ಅರ್ಧದವರೆಗೆ ತೆವಳಿ ನಿಲ್ಲುತ್ತಿತ್ತು. ಹಿಂದೆಯೇ, ರಿಸ್ಟೋರ್ ಆಗಲಿಲ್ಲ ಎಂಬ ಸಾಲು.

ಅದರೊಳಗೆ ಹಾಡಿರಲಿಲ್ಲ. ಇದ್ದದ್ದು ಮಾವ ಹಣಮಂತಪ್ಪನವರ ಕೂಗು.

ಖಟಕ ಚಿಂಚೋಳಿಯ ಹಣಮಂತಪ್ಪ ಎಂದರೆ ಕುರಿಯವರಲ್ಲೇ ದೊಡ್ಡ ಗಂಟಲಿನ ಮನುಷ್ಯ. ಕೆರೆಯ ಈಚೆ ನಿಂತು ಒಮ್ಮೆ ಕೂಗಿದರೆ ಆಚೆ ದಂಡೆಯ ಹಿಂಡು ಸಾಲು ಹಿಡಿದು ಬರುತ್ತಿತ್ತು. ಗಂಟಲಿನ ಆಪರೇಷನ್ ಆಗಲೇಬೇಕು, ಆದಮೇಲೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಅವರು ಕೇಳಿದ್ದು ಒಂದೇ: ಕುರಿ ಯಾರ ಮಾತು ಕೇಳಬೇಕು? ಆಸ್ಪತ್ರೆಗೆ ಹೊರಡುವ ಮುನ್ನ ಸತೀಶ ಆ ಕೂಗನ್ನು ರೆಕಾರ್ಡ್ ಮಾಡಿ, ಈ ಪ್ಲೇಯರಿಗೆ ಹಾಕಿ, ಸಣ್ಣದೊಂದು ಸ್ಪೀಕರ್ ಜೋಡಿಸಿಕೊಟ್ಟಿದ್ದ. ಆಪರೇಷನ್ ಆದಂದಿನಿಂದ ಮಾವನಿಗೆ ಮಾತೂ ಇಲ್ಲ, ಸಿಳ್ಳೂ ಇಲ್ಲ. ಆದರೂ ಕಂಬಳಿಯೊಳಗಿಂದ ಪ್ಲೇಯರ್ ತೆಗೆದು ಗುಂಡಿ ಒತ್ತಿದರೆ ಅವರದೇ ಕೂಗು ಹೊಲದ ತುಂಬ ಹರಡುತ್ತಿತ್ತು. ಕುರಿಗಳಿಗೆ ಅಷ್ಟು ಸಾಕಿತ್ತು.

ಈಗ ಹಿಂಡು ಔರಾದಿನ ಕಡೆ ಇದೆ. ಕೊಯ್ಲಾದ ಹೊಲದಲ್ಲಿ ಕುರಿ ತಂಗಿದರೆ ನೆಲಕ್ಕೆ ಗೊಬ್ಬರವೆಂದು ಹೊಲದವರೇ ಕರೆಸಿಕೊಳ್ಳುವ ಕಾಲ. ಹೋದ ವಾರ ಮಲ್ಲೇಶ್ವರಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಹೋದಾಗಿನಿಂದ ಒಂದು ಗಳಿಗೆ ಕೂರಲಿಲ್ಲ. ಉಣ್ಣೆಹುಳ ಹತ್ತೀತು, ಟಗರು ಹಾಯ್ದೀತು, ಬಾವಿಯ ಕಡೆ ಹೋದಾಳು ಎಂದು “ಮಾಯಾ, ಬಾ ಇಲ್ಲಿ, ಬಾ ಬಾ ಬಾ” ಅಂತ ಕೂಗಿದ್ದೇ ಕೂಗಿದ್ದು. ಅವಳು ಕೂಗಿದಾಗಲೆಲ್ಲ ಹಿಂಡಿಗೆ ಹಿಂಡೇ ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಅತ್ತೆ ಗಂಗುಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು.

“ಸಾಕ್ ಮಾಡವ್ವಾ. ನಿನ್ನ ಮಗಳೊಬ್ಬಾಕಿ ಬಿಟ್ಟು ಎಲ್ಲಾರೂ ಕೇಳ್ಯಾರ.”

ಮಲ್ಲೇಶ್ವರಿಯ ಮುಖ ಸಣ್ಣದಾಯಿತು. ಅದಕ್ಕೇ ಇರಬೇಕು, ಪ್ಲೇಯರಿನಲ್ಲಿ ಚಾರ್ಜ್ ನಿಲ್ಲುತ್ತಿಲ್ಲ ಎಂದು ಮಾವ ಸನ್ನೆ ಮಾಡಿದಾಗ, ಬೀದರಿನಲ್ಲಿ ಸರಿಮಾಡಿಸಿ ಬಸ್ಸಿನಲ್ಲಿ ಕಳಿಸುವೆನೆಂದು ತಾನೇ ಮುಂದೆ ಬಿದ್ದು ಇಸಿದುಕೊಂಡದ್ದು. ಆಗ ಹಿಂಡಿದ್ದ ಹೊಲಕ್ಕೆ ಸುತ್ತ ಕಲ್ಲಿನ ಗೋಡೆ; ನಾಲ್ಕಾರು ದಿನ ಕೂಗಿಲ್ಲದೆ ನಡೆಯುತ್ತಿತ್ತು.

ಹೊಸ ಬ್ಯಾಟರಿ ಹಾಕಿಸಿದಳು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಡುಹೊಲದಲ್ಲಿ ಕೈಕೊಟ್ಟರೆ ಎಂಬ ಫಿಕರ್ ಹತ್ತಿ, ಎಲ್ಲ ಬರಾಬರ್ ಇದೆಯೇ ನೋಡೋಣವೆಂದು ಕಂಪ್ಯೂಟರಿಗೆ ಜೋಡಿಸಿದಳು. ಅದು ರಿಸ್ಟೋರ್ ಮಾಡಲೇ ಎಂದು ಕೇಳಿತು. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಕೆಳಗಿನ ಸಣ್ಣ ಅಕ್ಷರ ಓದುವ ಮೊದಲೇ ಬೆರಳು ಒತ್ತಿಯಾಗಿತ್ತು.

ತಂತಿ ಬದಲಿಸಿದಳು. ಬೇರೆ ತೂತಿಗೆ ಚುಚ್ಚಿದಳು. ಎರಡು ಗುಂಡಿ ಒಟ್ಟಿಗೆ ಹಿಡಿದು ಆರಿಸಿ ಹಚ್ಚಿದಳು. ಕೊನೆಗೆ ಮಗಳನ್ನು ಸೊಂಟಕ್ಕೇರಿಸಿ ಮೊಬೈಲ್ ರಿಪೇರಿಯ ಗೌಹರನ ಅಂಗಡಿಗೆ ಓಡಿದಳು. ಅವನು ತನ್ನ ಕಂಪ್ಯೂಟರಿಗೂ ಹಚ್ಚಿ ನೋಡಿದ. ಯಂತ್ರ ಇವತ್ತಲ್ಲ ನಾಳೆ ಎದ್ದೀತು, ಆದರೆ ಒಳಗಿದ್ದದ್ದು ನೀವು ಒತ್ತಿದಾಗಲೇ ಅಳಿಸಿಹೋಗಿದೆ ಎಂದು ಹೇಳಿ, ದುಡ್ಡು ಮುಟ್ಟದೆ ವಾಪಸ್ ಕೊಟ್ಟ. ಆ ಕೂಗಿನ ಇನ್ನೊಂದು ಪ್ರತಿ ಸತೀಶನ ಹಳೆಯ ಫೋನಿನಲ್ಲಿತ್ತು. ಆ ಫೋನ್ ಕೊಟ್ಟು ಹೊಸದು ತಂದು ವರ್ಷವಾಗಿತ್ತು.

ಸತೀಶ ಭಾಲ್ಕಿಯ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದಲೇ ಫೋನಿನಲ್ಲಿ, ರಿಪೇರಿ ನಡೆದಿದೆ ಅಂತ ಸದ್ಯಕ್ಕೆ ಹೇಳಿಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಹಾಗೆ ಹೇಳುವುದು ಹೇಗೆ? ನಾಳೆ ಹಿಂಡು ಹೆದ್ದಾರಿ ದಾಟಿ ಆಚೆಯ ಹೊಲಕ್ಕೆ ಹೋಗುವುದಿತ್ತು. ಪ್ಲೇಯರ್ ಇಸಿದುಕೊಳ್ಳಲು ಅತ್ತೆ ಆಗಲೇ ಔರಾದಿನ ಬಸ್‌ಸ್ಟ್ಯಾಂಡಿಗೆ ಹೊರಟಿದ್ದರು. ಇವತ್ತು ಬರದಿದ್ದರೆ ನಾಳೆ ಮುಂಜಾನೆಯ ಬಸ್ಸಿಗೆ ಬಂದೀತು ಎಂದುಕೊಂಡು ಮಾವ ಹಿಂಡು ಹೊರಡಿಸಿಬಿಟ್ಟರೆ?

ಮಾವನ ನಂಬರ್ ತೆಗೆದಳು, ಇಟ್ಟಳು. ಮತ್ತೆ ತೆಗೆದಳು. ಈ ಸಲ ಒತ್ತಿದಳು.

ಫೋನ್ ಎತ್ತಿದ ಸದ್ದಾಯಿತು. ಮಾತಿಲ್ಲ. ಗಾಳಿ, ಕುರಿಗಳ ಕೊರಳಗಂಟೆ.

“ಮಾಮಾ, ನಾ ಮಲ್ಲೇಶ್ವರಿ. ಕೇಳ್ತದೇನ್ರಿ?”

ಟಕ್. ಫೋನಿನ ಸ್ಪೀಕರ್ ಹಚ್ಚಿಯೇ ಮಾತು ಕೇಳುವ ಮಾವ ಉಗುರಿನಿಂದ ಅದಕ್ಕೆ ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಆಪರೇಷನ್ ಆದಾಗಿನಿಂದ ಮನೆಯವರ ನಡುವೆ ಬಂದ ರೂಢಿ.

“ನಿಮ್ಮ ಕೂಗು ಹೋಗ್ಯದ್ರಿ ಮಾಮಾ. ನನ್ನ ಕೈಲೇ ಅಳಿಸೇದ. ತಿರುಗಿ ಬರೂದಿಲ್ಲ. ನಾಳೆ ರೋಡ್ ದಾಟಬ್ಯಾಡ್ರಿ, ಇದ್ದಲ್ಲೇ ಇರ್ರಿ. ಇರ್ತೀರಲ್ರಿ?”

ಗಂಟೆಗಳ ಸದ್ದಷ್ಟೇ. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಒಂದು ತಟ್ಟು.

ಉಸಿರು ಬಂತು. ಹೌದು, ಇಲ್ಲ ಎರಡೇ ಉಳಿದ ಮನುಷ್ಯನನ್ನು ಆ ಎರಡರಲ್ಲೇ ಕೇಳಬೇಕು.

“ಬ್ಯಾರೆಯವರ ದನಿ ಹಾಕಿ ಕೊಟ್ರ ಕಲೀತಾವೇನ್ರಿ?”

ಒಂದು.

“ಅತ್ತಿದು?”

ಎರಡು.

“ಅವರದು?” ಗಂಡನ ಹೆಸರು ಹೇಳದೆ ಕೇಳಿದಳು.

ಎರಡು, ಬಲು ಬೇಗ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇನ್ನು ಯಾರು ಉಳಿದರು ಎಂದು ಯೋಚಿಸಿದಳು, ಮುಖ ಬಿಸಿಯಾಯಿತು.

“ನಂದೇನ್ರಿ?”

ಒಂದು.

“ನನಗೆಲ್ಲಿ ಬರ್ತದ್ರಿ ಮಾಮಾ. ಕುರಿ ಕರಿಯೂದು ನನಗ ಬರೂದಿಲ್ರಿ.”

ಎರಡು.

ಇನ್ನೇನು ಹೇಳುವುದೆಂದು ತಿರುಗಿದರೆ, ಮಾಯಾ ಸ್ಟೂಲ್ ಎಳೆದುಕೊಂಡು ಮನೆ ಮುಂದಿನ ಗ್ಯಾಲರಿಯ ಕಂಬಿಗೆ ಒಂದು ಕಾಲು ಹಾಕಿದ್ದಳು.

“ಮಾಯಾ, ಬಾ ಇಲ್ಲಿ, ಬಾ ಬಾ ಬಾ” ಎಂದು ಫೋನು ಕೈಯಲ್ಲಿರುವಂತೆಯೇ ಕೂಗುತ್ತ ಓಡಿ ಮಗಳನ್ನು ಎಳೆದುಕೊಂಡಳು. ಫೋನ್ ಮತ್ತೆ ಕಿವಿಗಿಟ್ಟಾಗ ಆ ಕಡೆ ಒಂದು ಕೊರಳಗಂಟೆಯ ಸದ್ದೂ ಇರಲಿಲ್ಲ.

“ಮಾಮಾ? ಕುರಿ ಬಂದವೇನ್ರಿ?”

ಎರಡು.

“ತಲಿ ಎತ್ಯಾವೇನ್ರಿ?”

ಒಂದು.