ಹೊಳೆ ದಾಟಿ ಬಂದ ಸಂಗಪ್ಪಜ್ಜ

ನಿಜಾಮರ ಆಡಳಿತದ ಕೊನೆಯ ವರ್ಷಗಳವು. ನನಗೆ ಇಪ್ಪತ್ತೆರಡು. ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ನೇಯುವ ಮನೆ. ತಂಗಿ ಗೌರಿಗೆ ಮಕ್ತಲದಿಂದ ಸಂಬಂಧ ಬಂದಿತ್ತು. ಎಲ್ಲ ಒಪ್ಪಿಗೆಯಾದ ಮೇಲೆ ಗಂಡಿನ ದೊಡ್ಡಪ್ಪ ಒಂದು ಮಾತು ತೆಗೆದರು. ನಮ್ಮ ಅಜ್ಜಿಯ ತಂದೆ ಸಂಗಪ್ಪ, ಗದ್ವಾಲದಲ್ಲಿ ಯಾರದೋ ಕೂಸನ್ನು ಕದ್ದುಕೊಂಡು ಓಡಿಬಂದವನೆಂದು ಅವರು ಕೇಳಿದ್ದರಂತೆ.

ಸಂಗಪ್ಪಜ್ಜ ಹೆಂಡತಿಯಿಲ್ಲದೆ ಎಳೆಯ ಮಗಳನ್ನು ಎತ್ತಿಕೊಂಡು ಈ ಊರಿಗೆ ಬಂದ ಎಂಬುದೊಂದೇ ನಮಗೆ ಗೊತ್ತಿದ್ದದ್ದು. ನಾನಂತೂ ಆತನನ್ನು ಕಂಡವನಲ್ಲ. ಆದರೂ ಕಳ್ಳನಲ್ಲವೆಂಬ ಖಾತ್ರಿ ನನಗಿತ್ತು. ಹದಿನೈದು ದಿನದಲ್ಲಿ ವಿಚಾರಿಸಿಕೊಂಡು ಬರುತ್ತೇನೆಂದು ಬೀಗರಿಗೆ ಹೇಳಿ ಹೊರಟೆ.

ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲ ಸೇರಿದೆ. ನೇಕಾರರ ಓಣಿಯಲ್ಲಿ ಮೂರು ದಿನ ಮನೆಮನೆ ಕೇಳಿದೆ. ಒಬ್ಬರು ನನ್ನನ್ನು ಪೊಲೀಸ್ ಅಮೀನನ ಕಡೆಯವನೆಂದು ತಿಳಿದು ಬಾಗಿಲು ಹಾಕಿಕೊಂಡರು. ನಾಲ್ಕನೆಯ ದಿನ, ನೂಲು ಸುತ್ತುತ್ತ ಕೂತಿದ್ದ ನೀಲಮ್ಮ ಎಂಬ ಮುದುಕಿ ಆ ಹೆಸರು ಕೇಳಿ ರಾಟೆ ನಿಲ್ಲಿಸಿದರು. ಸಂಗಪ್ಪ ಅವರ ಖಾಸಾ ಅಣ್ಣ.

"ನಮ್ಮಣ್ಣ ಕದ್ದಿಲ್ಲಪ್ಪಾ," ಎಂದರು. "ಕಾಲರಾ ಬಂದಿತ್ತು. ಹೊಳಿ ದಂಡ್ಯಾಗ ಸತ್ತ ತಾಯಿ ಮಗ್ಗಲಕ ಒಂದು ಹೆಣ್ಣುಕೂಸು ಕುಂತಿತ್ತು. ಯಾರೂ ಮುಟ್ಟಲಿಲ್ಲ. ಇಂವ ಎತ್ಗೊಂಡು ಬಂದ. ಯಾವ ಜಾತಿದೋ ಏನೋ, ಕೂಸು ಬಿಟ್ಟು ಒಳಗ ಬಾ ಅಂದ್ರು ನಮ್ಮಪ್ಪ. ಬಿಡಲಿಲ್ಲ. ಹಂಗs ಹೊಳಿ ದಾಟಿ ಹೋದ."

ಆಮೇಲೆ ರಾಟೆಯನ್ನು ಬದಿಗೆ ಸರಿಸಿ ಕೇಳಿದರು: "ಆ ಕೂಸು ಉಳೀತೇನು?"

"ಆ ಕೂಸಿನ ಮೊಮ್ಮಗ ನಾನs ರೀ ಅಮ್ಮ," ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಎಷ್ಟೋ ಹೊತ್ತು ಬಿಡಲಿಲ್ಲ.

ಮನೆಗೆ ಬಂದು ಅಜ್ಜಿಯ ಮುಂದೆ ಕೂತಾಗ ಮಾತ್ರ ನನ್ನ ಧೈರ್ಯ ಉಡುಗಿತು. ಎಪ್ಪತ್ತು ದಾಟಿದವಳಿಗೆ, ಸಂಗಪ್ಪ ನಿನ್ನ ಹೆತ್ತ ತಂದೆಯಲ್ಲ ಎಂದು ಹೇಗೆ ಹೇಳುವುದು? ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಗರಿಗೆ ಇದು ತಿಳಿಯುವುದು ಬೇಡವೆಂದರು ಅಪ್ಪ.

"ಯಾಕ ಬ್ಯಾಡ?" ಎಂದಳು ಅಜ್ಜಿ. "ನನ್ನ ಹೊತ್ಗೊಂಡು ಹೊಳಿ ದಾಟಿದಾಂವs ನಮ್ಮಪ್ಪ. ನಾಚೋದೇನೈತಿ? ಹೋಗಿ ಹೇಳು."

ಮಕ್ತಲಕ್ಕೆ ಹೋಗಿ ಒಂದಕ್ಷರ ಬಿಡದೆ ಹೇಳಿದೆ. ದೊಡ್ಡಪ್ಪ ಗೌರವದಿಂದಲೇ ಕೇಳಿದರು, ಆಮೇಲೆ ಸಂಬಂಧ ಬೇಡವೆಂದರು. ಗೌರಿ ಎರಡು ದಿನ ಊಟ ಬಿಟ್ಟಳು. ಮರುವರ್ಷ ಕೋಸಗಿಯಿಂದ ಬಂದವರಿಗೆ ಮೊದಲ ದಿನವೇ ಎಲ್ಲ ತಿಳಿಸಿದೆವು. ಹುಡುಗನ ತಾಯಿ, ಇಂಥ ಮನೆಯ ಹುಡುಗಿಯೇ ತಮಗೆ ಬೇಕೆಂದರು.

ಆ ಮದುವೆಗೆ ನೀಲಮ್ಮನನ್ನು ನಾನೇ ಹೋಗಿ ಕರೆತಂದೆ. ಅಜ್ಜಿ "ಅತ್ತೀ" ಎಂದು ಅವರ ಕಾಲು ಮುಟ್ಟಿದಳು. ಇಬ್ಬರೂ ಚಪ್ಪರದ ಮೂಲೆಯಲ್ಲಿ ಕೂತು ದಿನವಿಡೀ ಸಂಗಪ್ಪಜ್ಜನ ಮಾತೇ ಆಡಿದರು.

ಯಾರ ರಕ್ತ ನಮ್ಮಲ್ಲಿದೆಯೋ ಇಂದಿಗೂ ತಿಳಿಯದು. ಮನೆತನ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ನಾನು ತಡವರಿಸುವುದಿಲ್ಲ. ಗದ್ವಾಲದ ಸಂಗಪ್ಪನ ಮನೆಯವರು ಎನ್ನುತ್ತೇನೆ.