ಹಗೇವಿನ ಮೇಲಿದ್ದ ವಿಮಾನದ ತಗಡು

ನಾನು ಹುಟ್ಟಾ ಸಂಶಯದ ಮನುಷ್ಯ. ತರಕಾರಿಯವಳು ನಗುತ್ತ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದರೆ, ಅವೆರಡರಲ್ಲೂ ಹುಳ ಇರಬೇಕೆಂದು ಅಲ್ಲೇ ಮುರಿದು ನೋಡುವವನು. ಹೆಂಡತಿ ಇದಕ್ಕೆ ರೋಗ ಅಂತಾಳೆ. ಅಪ್ಪನ ಬದುಕು ಕಲಿಸಿದ ಪಾಠ ಅಂತ ನಾನು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಅಪ್ಪ ಯಾರ ಮೇಲೂ ಸಂಶಯಪಟ್ಟವನಲ್ಲ. ಊರೆಲ್ಲ ಅವನ ಮೇಲೆ ಸಂಶಯಪಟ್ಟಿತ್ತು. ಆ ಊರಿನವರ ಜೊತೆಗೆ ನಾನೂ ಇದ್ದೆ.

ನಡೆದದ್ದು ನಿಜಾಮನ ಕಾಲದಲ್ಲಿ, ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿದ್ದ ದಿನಗಳಲ್ಲಿ. ಮಾನ್ವಿ ತಾಲ್ಲೂಕಿನ ಅಪ್ಪನ ಊರು ಚೀಕಲಪರ್ವಿಯ ಆಚೆ, ತುಂಗಭದ್ರೆಯ ದಂಡೆಯಲ್ಲಿ ಒಂದು ಮಿಲಿಟರಿ ವಿಮಾನ ಬಿತ್ತು. ಹಾರಿಸುತ್ತಿದ್ದವನು ಉಸುಕಿನಲ್ಲಿ ಇಳಿಸಲು ನೋಡಿ ಕಾಲು ಮುರಿದುಕೊಂಡ, ಬದುಕಿದ. ನಮ್ಮ ಕೇರಿಯ ಹತ್ತು ಹನ್ನೆರಡು ಗಂಡಸರನ್ನು ಬಿಟ್ಟಿ ಕೆಲಸಕ್ಕೆ ಹಿಡಿದು, ಮುರಿದ ತುಂಡುಗಳನ್ನೆಲ್ಲ ಬಂಡಿಗಳಿಗೆ ಹೇರಿಸಿ ರಾಯಚೂರು ರೈಲು ಸ್ಟೇಷನ್ನಿಗೆ ಸಾಗಿಸಿದರು. ಕೊನೆಯ ಬಂಡಿ ಹೊಡೆದವನು ಅಪ್ಪ. ಸ್ಟೇಷನ್ನಿನಲ್ಲಿ ಒಬ್ಬ ಅಧಿಕಾರಿ ವಿಮಾನದ ಭಾಗಗಳ ಪಟ್ಟಿಯ ಕಾಗದ ಹಿಡಿದು ಒಂದೊಂದನ್ನೇ ತಾಳೆ ನೋಡಿದ. ಎಂಜಿನ್ನಿನ ಮೇಲೆ ಮುಚ್ಚುವ ಒಂದು ತಗಡು ಇರಲಿಲ್ಲ. ಕೊನೆಯ ಬಂಡಿಯವನೇ ದಾರಿಯಲ್ಲಿ ಇಳಿಸಿರಬೇಕೆಂದು ಅಪ್ಪನನ್ನು ಮೂರು ದಿನ ಪೊಲೀಸ್ ಠಾಣೆಯಲ್ಲಿ ಕೂಡಿಹಾಕಿ ಬಾರಿಸಿದರು. ತಗಡು ಸಿಗಲಿಲ್ಲ, ಅಪ್ಪನನ್ನು ಬಿಟ್ಟರು. ಆದರೆ ಊರಿನ ಬಾಯಲ್ಲಿ ಅವನು ವಿಮಾನದ ಕಳ್ಳನಾಗಿಯೇ ಉಳಿದ. ಕೊನೆಗೆ ಅವ್ವನನ್ನು ಕರೆದುಕೊಂಡು ರಾಯಚೂರಿಗೆ ಬಂದು ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಹಿಡಿದ.

ನಾನು ಹುಟ್ಟಿದ್ದು ರಾಯಚೂರಿನಲ್ಲೇ. ಆದರೂ ಆ ಹೆಸರು ಬಂಧುಬಳಗದ ಜೊತೆ ಬಸ್ಸು ಹತ್ತಿ ನಮ್ಮ ಮನೆಗೂ ಬಂತು. ಮದುವೆ ಮನೆಗಳಲ್ಲಿ ಸಣ್ಣ ಸಣ್ಣ ಹುಡುಗರು ನನ್ನನ್ನು ನೋಡಿ ಕೈ ಚಾಚಿ ವಿಮಾನ ಹಾರಿಸಿ ನಗುತ್ತಿದ್ದರು. ಅಪ್ಪನಿಗೆ ಒಂದು ಚಾಳಿ ಇತ್ತು. ಯಾರ ಮನೆಯಿಂದ ಹೊರಡುವಾಗಲೂ ಹೆಗಲ ಮೇಲಿನ ವಲ್ಲಿಯನ್ನು ಝಾಡಿಸಿ, ಎರಡೂ ಅಂಗೈ ತೋರಿಸಿ, "ಹೋಗಿ ಬರ್ತೀನ್ರಿ" ಅನ್ನುವುದು. ಜನ ಅದನ್ನು ಮರ್ಯಾದೆ ಅಂದುಕೊಂಡರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಏನೂ ಮಾಡದವನಿಗೆ ಈ ತೋರಿಕೆ ಯಾಕೆ ಬೇಕು? ಕದ್ದಿರಲೇಬೇಕು ಎಂದು ಹತ್ತನೇ ವಯಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಕದ್ದು ಯಾವನಿಗೋ ಮಾರಿ ಜೀರ್ಣಿಸಿಕೊಂಡಿದ್ದಾನೆ ಎಂದುಕೊಂಡೆ. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾದೆ. ಆಗ ದೇವದುರ್ಗದಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ವಿಮಾನದಳದಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಅಷ್ಟು ದೂರ ಹೋಗಿದ್ದವರು. ತಮ್ಮೂರಿನ ಶಾಲೆಯಲ್ಲಿ ಆಟದ ಸಾಮಾನಿಡುವ ಕೋಣೆಯ ಪಕ್ಕದ ಸಣ್ಣ ಕೋಣೆಯೊಂದನ್ನು ಬೇಡಿ ಪಡೆದು, ಅದರಲ್ಲಿ ಹಳೆಯ ವಿಮಾನದ ತುಂಡು, ಚಿತ್ರ, ಕೈಬರಹದ ಪುಸ್ತಕ ಕೂಡಿಡುತ್ತಿದ್ದರು.

"ಹೊಳಿ ದಂಡ್ಯಾಗ ಬಿದ್ದ ವಿಮಾನದ ಸುದ್ದಿ ನಿಮಗ ಗೊತ್ತಿರಬೇಕಲ್ರೀ ಸರ? ನಿಮ್ಮ ಊರ ಕಡೀದು," ಅಂದರು.

ನನ್ನ ಕಿವಿ ನೆಟ್ಟಗಾದವು. ಇವರಿಗೆ ಅಪ್ಪನ ವಿಷಯ ಯಾರು ಹೇಳಿದರು? ಯಾವ ಹಳೆಯ ಕಡತ ತೆಗೆಸಲು ಬಂದಿದ್ದಾರೆ? ಚಹಾ ಕುಡಿಸಿ, ನನಗೇನೂ ಗೊತ್ತಿಲ್ಲವೆಂದು ಕಳಿಸಿದೆ. ಮುಂದಿನ ಭಾನುವಾರ ರಾಯಚೂರಿಗೆ ಹೋದವನು ಸೀದಾ ಗುಜರಿ ಅಂಗಡಿಗೆ ನಡೆದೆ. ಹಳೆಯ ಲೋಹ ಕೂಡಿಸುವವನು ಇನ್ನೆಲ್ಲಿಗೆ ಹಾಕಿಯಾನು? ನನ್ನ ಲೆಕ್ಕಾಚಾರ ಅದು.

"ಆ ಮಿಲಿಟ್ರಿ ಸಾಬ್ರೇನ್ರಿ?" ಎಂದು ಅಂಗಡಿಯವನು ನಕ್ಕ. "ಅವರು ಮಾರೋ ಪೈಕಿ ಅಲ್ರಿ. ನಾ ಕರಗಸಾಕ ಇಟ್ಟಿದ್ದನ್ನ ಕಾಡಿ ಬೇಡಿ ಒಯ್ತಾರ. ಪೂರಾ ದಿವಾನಾ ಆದ್ಮಿ, ಹುಚ್ಚು ಹಿಡದದ."

ನನಗೆ ನಾಚಿಕೆಯಾಯಿತು. ಆದರೆ ಸಂಶಯ ಪೂರ್ತಿ ಹೋಗಲಿಲ್ಲ, ಅದು ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ. ದೇವದುರ್ಗಕ್ಕೆ ಹೋಗಿ ಕೋಣೆ ನೋಡಿದೆ. ಶೌರ್ಯದ ಪದಕ, ಹೂಮಾಲೆಯ ಫೋಟೋ ಇರಬಹುದೆಂದು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಬಿರುಕು ಬಿಟ್ಟ ಪೈಪು, ಸವೆದ ಹಲ್ಲಿನ ಚಕ್ರ, ತುಂಡಾದ ಬೋಲ್ಟು. ಪ್ರತಿಯೊಂದರ ಕೆಳಗೂ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ: ಇದು ಯಾಕೆ ಮುರಿಯಿತು, ಯಾರೂ ಯಾಕೆ ನೋಡಲಿಲ್ಲ.

"ಹಾರಿದ್ದನ್ನ ಎಲ್ಲಾರೂ ಇಡ್ತಾರ್ರಿ ಸರ. ಬಿದ್ದದ್ದನ್ನ ಯಾರೂ ಇಡಂಗಿಲ್ಲ," ಅಂದರು. ಆಮೇಲೆ ತಮ್ಮದೇ ಒಂದು ಕಥೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಜೆ ನಟ್ಟು ಬಿಗಿಯುವ ಪಾನಾಗಳನ್ನು ತಿರುಗಿ ಹಲಗೆಗೆ ಸಿಗಿಸುವಾಗ ಒಂದು ಜಾಗ ಖಾಲಿ ಉಳಿಯಿತಂತೆ. ವಿಮಾನವನ್ನು ನಿಲ್ಲಿಸಿದರು, ಯಾರನ್ನೂ ಮನೆಗೆ ಬಿಡಲಿಲ್ಲ. "ಯಾರ್ ತಗೊಂಡಾರ ಅಂತ ಯಾರೂ ಕೇಳಲಿಲ್ಲ ನೋಡ್ರಿ. ಎಲ್ಲಿ ಅದ ಅಂತ ಅಷ್ಟ ಕೇಳಿದ್ರು. ನನಗ ತಟ್ಟನ ನೆನಪಾತು, ರೆಕ್ಕಿ ಒಳಗ ಬಿಟ್ಟಿದ್ದೆ. ಕೈ ಎತ್ತಿ ಹೇಳಿದೆ. ಬೈಲಿಲ್ಲ, ಬುಕ್ಕಿನ್ಯಾಗ ಬರಕೊಂಡ್ರು. ಬೈಯೋ ಮಂದಿ ಇದ್ದಿದ್ರ ನಾ ಹೇಳ್ತಿದ್ದಿಲ್ಲ, ಪಾನಾ ಒಳಗ ಇಟ್ಕೊಂಡ ಆ ವಿಮಾನ ಮರುದಿನ ಹಾರ್ತಿತ್ತು."

ಇದು ಕಟ್ಟಿದ ಕಥೆ ಇರಬಹುದೇ ಎಂದು ಅವರ ಮುಖ ನೋಡಿದೆ. ಅವರು ಆ ಬರಹದ ನಕಲನ್ನು ತೆಗೆದು ನನ್ನ ಮುಂದಿಟ್ಟರು. ಅವತ್ತು ಮೊದಲ ಸಲ ಹೊರಗಿನವರೊಬ್ಬರಿಗೆ ಅಪ್ಪನ ಮೇಲೆ ಬಿದ್ದ ಕಳವಿನ ಮಾತು ಹೇಳಿದೆ. ಕದ್ದಿರಬಹುದು ಅನ್ನುವುದನ್ನೂ ಸೇರಿಸಿದೆ. ಅವರು ಅದಕ್ಕೆ ಹೂಂ ಅನ್ನಲಿಲ್ಲ. "ತಗಡು ಎಲ್ಲಿ ಅದ ಅಂತ ಹುಡುಕೂಣ್ರಿ," ಅಂದರು.

ಸುಳಿವು ಸಿಕ್ಕಿದ್ದು ನಮ್ಮ ಕೇರಿಯ ಒಬ್ಬ ಸಂಬಂಧಿಕನಿಂದ. ಅವನು ಹಗೇವಿನಲ್ಲಿ ಇಳಿದು ಜೋಳ ಎತ್ತಿ ಕೊಡುವ ಕೆಲಸದವನು. ನಮ್ಮ ಕಡೆ ಜೋಳವನ್ನು ನೆಲದೊಳಗೆ ಆಳಾಗಿ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿಗೆ ಬಂಡೆ ಮುಚ್ಚಿ, ಮಣ್ಣೆಳೆದು ಇಡುತ್ತಾರೆ. ಚೀಕಲಪರ್ವಿಯ ಈಚೆಗಿರುವ ಒಂದು ದೊಡ್ಡಿಯಲ್ಲಿ, ಅಂದರೆ ನಾಲ್ಕಾರು ಮನೆಗಳ ಹಳ್ಳಿಯಲ್ಲಿ, ಕುರಿಯವರ ಮನೆಯ ಹಗೇವಿಗೆ ಬಂಡೆಯ ಬದಲು ತಗಡಿದೆ, ಅದರ ಮೇಲೆ ಇಂಗ್ಲಿಷ್ ಅಂಕಿ ಇದೆ ಎಂದು ಹೇಳಿದ.

ನಾವಿಬ್ಬರೂ ಹೊರಟೆವು. ಇಲ್ಲೇ ನಾವು ದೊಡ್ಡ ತಪ್ಪು ಮಾಡಿದ್ದು. ಆ ವರ್ಷಗಳಲ್ಲಿ ಸರ್ಕಾರದವರು ಮನೆಮನೆಗೆ ಬಂದು, ರೈತರು ಕಡ್ಡಾಯವಾಗಿ ಕೊಡಬೇಕಾದ ಲೇವಿ ಜೋಳ ಎತ್ತುತ್ತಿದ್ದರು. ಫಿಟ್ಟರ್ ಖಾಕಿ ಪ್ಯಾಂಟು ಹಾಕಿದ್ದರು, ಕೈಯಲ್ಲಿ ನೋಟುಬುಕ್ಕು, ಕಿಸೆಯಲ್ಲಿ ಅಳತೆಯ ಟೇಪು. ನಾನು ಹೋಗಿ ನಿಂತವನೇ, "ನಿಮ್ಮ ಹಗೇವು ಎಲ್ಲದ? ಸ್ವಲ್ಪ ತೋರಸ್ರಿ," ಅಂದೆ. ಇತಿಹಾಸದ ಮೇಷ್ಟ್ರು ನಾನು, ಅಷ್ಟೂ ತಲೆ ಓಡಬಾರದೆ?

ಮನೆಯ ಮುದುಕಿ ಬಾಗಿಲಿಗೆ ಅಡ್ಡ ಬಂದಳು. "ಹಗೇವ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ನಾವ ಸಂತಿ ಜ್ವಾಳ ತಂದು ತಿನ್ನೋರು."

ಅಂಗಳದಲ್ಲಿ ಹಸಿ ಕುರಿಗೊಬ್ಬರದ ಗುಡ್ಡೆ ಇತ್ತು. ಗೊಬ್ಬರ ಕುರಿಹಟ್ಟಿಯ ಹತ್ತಿರ ಇರಬೇಕಾದದ್ದು, ಬಾಗಿಲ ಮುಂದೆ ಯಾಕಿದೆ? ನಾನು ಅದನ್ನು ನೋಡುವುದನ್ನು ಮುದುಕಿ ನೋಡಿದಳು. ಎರಡು ಸಲ ಬರಿಗೈಯಲ್ಲಿ ತಿರುಗಿ ಬಂದೆವು. ಎರಡನೆಯ ಸಲವಂತೂ ಗುಡ್ಡೆಯ ಮೇಲೆ ಒಂದು ಹೋತವನ್ನು ಕಟ್ಟಿಹಾಕಿದ್ದರು. ಹತ್ತಿರ ಹೋದರೆ ಅದು ಕೋಡು ತೋರಿಸುತ್ತಿತ್ತು.

ಮೂರನೆಯ ಸಲ ಫಿಟ್ಟರ್ ಧೋತರ ಉಟ್ಟು ಬಂದರು. ಕಟ್ಟೆಯ ಮೇಲೆ ಕುಳಿತು ಕುರಿಗಳ ಕಾಲುಬೇನೆಯ ಬಗ್ಗೆ ಮಾತಾಡಿ, ಆಮೇಲೆ ನೋಟುಬುಕ್ಕಿನಲ್ಲಿ ಒಂದು ವಿಮಾನ ಬರೆದು ಮುದುಕಿಗೆ ತೋರಿಸಿದರು. "ಯವ್ವಾ, ಇಂಥದೊಂದು ಬಿದ್ದಿತ್ತಲ್ಲ, ಅದರದೊಂದು ತಗಡು ಹುಡುಕಾಕತ್ತೀವಿ."

"ಅಯ್ಯ, ಅದೇನು!" ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಜ್ವಾಳ ಕೇಳಾಕ ಬಂದಿಲ್ಲಂತ ಮೊದಲ ಹೇಳಬಾರದೇನ್ರಿ? ನಿಮ್ಮ ಸಲುವಾಗಿ ಎರಡ ಸಲ ಗೊಬ್ಬರ ಹೊತ್ತು ನನ್ನ ನಡ ಹೋತು."

ಗೊಬ್ಬರ ಸರಿಸಿ, ಮಣ್ಣು ಕೆರೆದು, ತಗಡನ್ನು ಹೊರಗೆ ತೆಗೆದೆವು. ಎರಡು ಮೊಳ ಉದ್ದ, ಅಷ್ಟೇ ಅಗಲ, ಸ್ವಲ್ಪ ಬಾಗಿದ್ದು. ತುಕ್ಕು ಹಿಡಿದಿರಲಿಲ್ಲ. ಮೂಲೆಯಲ್ಲಿ ಅಂಕಿ ಹಾಗೇ ಇದ್ದವು.

"ಎಲ್ಲಿ ಸಿಕ್ಕಿತು ಯವ್ವಾ?" ಎಂದು ಫಿಟ್ಟರ್ ಕೇಳಿದರು.

"ನಾವೇನ್ ಹುಡುಕ್ಯಾಡಿದ್ವೇನು? ಮ್ಯಾಲಿಂದ ಬಿತ್ತು. ಮೊದಲ ಇದು ನಮ್ಮ ಹಟ್ಟ್ಯಾಗ ಬಿತ್ತು, ಒಂದು ಕುರಿ ಸತ್ತಿತು. ಆಮ್ಯಾಲ ವಿಮಾನ ಹೊಗಿ ಬಿಡಕೋತ ಹೊಳಿ ಕಡಿ ಹೋತು. ಕುರಿ ಅಂತೂ ಹೋತು, ತಗಡರೆ ಇರಲಿ ಅಂತ ನಮ್ಮ ಯಜಮಾನ್ರು ಹಗೇವಿಗೆ ಮುಚ್ಚಿದ್ರು."

ಅಂದರೆ ಈ ತಗಡು ನದಿಯ ದಂಡೆಗೆ ಮುಟ್ಟಲೇ ಇಲ್ಲ. ಬಂಡಿಗೆ ಏರಲೇ ಇಲ್ಲ. ಕಾಗದದಲ್ಲಿ ಇತ್ತು, ಅಷ್ಟೇ. "ಇದರ ಸಲುವಾಗಿ ನಮ್ಮಪ್ಪ ಮೂರು ದಿನ ಹೊಡಿಸಿಕೊಂಡಾನ. ನಿಮಗ ಗೊತ್ತಿತ್ತೇನು?" ಎಂದು ಒದರಿದೆ.

ಮುದುಕಿ ನೆಲ ನೋಡಿದಳು. "ಗೊತ್ತಿತ್ತಪ್ಪ. ಹೇಳಿದ್ರ ನಮ್ಮನ್ನೂ ಹೊಡೀತಿದ್ರು."

ಅವಳು ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಎದ್ದೆ. ಇವತ್ತು ಅದಕ್ಕೆ ಬೇಸರವಿದೆ. ಫಿಟ್ಟರ್ ಮಾತ್ರ ತಗಡನ್ನು ಬಿಸಿಲಿಗೆ ಹಿಡಿದು ಅಂಚು ಸವರುತ್ತಲೇ ಇದ್ದರು. ಒಂದು ಅಂಚಿನ ಸ್ಕ್ರೂ ತೂತುಗಳು ಕಿತ್ತು ಹರಿದಿದ್ದವು. ಇನ್ನೊಂದು ಅಂಚಿನವು ದುಂಡಗೆ, ನೆಟ್ಟಗೆ ಇದ್ದವು.

"ಈ ಕಡಿ ಸ್ಕ್ರೂ ಹಾಕೇ ಇಲ್ರಿ ಸರ," ಅಂದರು ಮೆಲ್ಲಗೆ, ದುಂಡಗಿನ ತೂತು ತೋರಿಸಿ. "ಗಾಳಿ ಹೊಕ್ಕು ಕಿತ್ತೈತಿ. ವಿಮಾನ ಬಿದ್ದದ್ದೂ ಇದರಿಂದಾನ ಇರಬೇಕು. ಯಾವನೋ ನನ್ನಂಥ ಫಿಟ್ಟರ್ ಮರೆತಾನ. ಹೇಳಾಕ ಅಂಜ್ಯಾನ. ಅವನಿಗೆ ಬೀಳೋ ಏಟು ನಿಮ್ಮ ತಂದಿಯವರಿಗೆ ಬಿದ್ದಾವ."

ನಾನು ಅಲ್ಲಿಯವರೆಗೆ ಮಕ್ಕಳಿಗೆ ಯುದ್ಧಗಳ ಪಾಠ ಮಾಡಿದ್ದೆ. ಯಾರು ಗೆದ್ದರು, ಯಾರು ಸೋತರು, ಅಷ್ಟೇ. ತಪ್ಪು ಎಲ್ಲೋ ಮೇಲೆ ಆಗಿ, ಪೆಟ್ಟು ಎಲ್ಲೋ ಕೆಳಗೆ ಬೀಳುವುದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಇಂದಿಗೂ ಆಫೀಸುಗಳಲ್ಲಿ ಒಂದು ಕಡತ ಕಾಣದಿದ್ದರೆ ಮೊದಲು ನಿಲ್ಲಿಸುವುದು ಜವಾನನನ್ನೇ. ಆ ಕೋಣೆಯಲ್ಲಿ ತಗಡು ಇರಲೇಬೇಕೆಂದು ನನಗೂ ಹಟ ಬಂತು. ಹಗೇವಿನ ಬಾಯಿಗೆ ಒಂದು ಶಹಾಬಾದಿ ಬಂಡೆ ತಂದು ಕೂಡಿಸಿ ಮುದುಕಿಯನ್ನು ಒಪ್ಪಿಸಿದೆವು.

ಚೀಟಿ ಬರೆಯುವಾಗ ಫಿಟ್ಟರ್ ತಕರಾರು ತೆಗೆದರು. "ನಿಮ್ಮ ತಂದಿಯವರು ಬಂಡ್ಯಾಗ ಏನೇನು ಹೇರಿದ್ರು, ಅವರ ಬಾಯಿಂದ ಕೇಳಿಕೊಂಡು ಬರ್ರಿ. ಅವರ ಮಾತಿಲ್ಲದ ಬರಿಯಾಂಗಿಲ್ಲ."

ತಗಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಎರಡು ಸಲ ಏನದು ಎಂದು ಕೇಳಿದ. ಪಕ್ಕದವನು ಕಂಬಳಿಯ ಸಂದಿಯಲ್ಲಿ ಇಣುಕಿದ. ದಾರಿಯುದ್ದಕ್ಕೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿ ಬೆವರಿದೆ. ಏನೂ ಮಾಡದವನ ಮುಖವೂ ಕಳ್ಳನ ಮುಖವಾಗುವುದು ಹೇಗೆಂದು ಅವತ್ತು ತಿಳಿಯಿತು.

ಮಧ್ಯಾಹ್ನದ ಊಟ ಮುಗಿಸಿ ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ತಗಡನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ: ಕುರಿಹಟ್ಟಿ, ಹಗೇವು, ಹಾಕದ ಸ್ಕ್ರೂ. ಅವನು ಅದನ್ನು ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡಿದ.

"ನನ್ನ ಸಮಾಧಾನಕ್ಕ ಎಲ್ಲಿಂದರೆ ತಂದು ಹೇಳಾಕತ್ತೀಯೇನು?"

"ಇಲ್ಲ ಯಪ್ಪಾ. ಖರೇನ ಅದರದ. ನೀ ತಗೊಂಡಿಲ್ಲ ಅಂತ ನಂಗ ಗೊತ್ತದ."

"ಯಾವಾಗಿಂದ ಗೊತ್ತದ?"

"ಎಂಟು ದಿನ ಆತು."

"ಅದಕ್ಕಿಂತ ಮೊದಲ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿದೆ. "ಕದ್ದೀದಿ ಅಂತ ತಿಳಕೊಂಡಿದ್ದೆ."

ಅಪ್ಪನಿಗೆ ಸಿಟ್ಟು ಬರಲಿಲ್ಲ. "ನಂಗ ಗೊತ್ತಿತ್ತು. ನೀ ಸಣ್ಣಾವಿದ್ದಾಗಿಂದ ನನ್ನ ಕೈ ನೋಡ್ತಿದ್ದಿ. ಇವತ್ತ ಕೇಳ್ತಾನ, ನಾಳಿ ಕೇಳ್ತಾನ ಅಂತ ಕಾದೆ. ಠಾಣ್ಯಾಗ ಕೇಳಿದ್ರು, ಹೇಳಾಕ ಬಿಡಲಿಲ್ಲ. ಊರಾಗ ಯಾರೂ ಕೇಳಲೇ ಇಲ್ಲ. ಇಲ್ಲ ಅನ್ನಾಕ ನಂಗೂ ಕೇಳಾವ ಒಬ್ಬಾವ ಬೇಕಾಗಿದ್ದ."

ನನಗೆ ಅಳು ಬಂತು. ತಗಡು ನಮ್ಮಿಬ್ಬರ ನಡುವೆಯೇ ಬಿದ್ದಿತ್ತು, ಇನ್ನು ಕೇಳುವುದಕ್ಕೆ ಅರ್ಥವೂ ಇರಲಿಲ್ಲ. ಆದರೂ ಕೇಳಿದೆ.

"ಯಪ್ಪಾ, ಇದನ್ನ ನೀ ಕದ್ದಿದ್ದೇನು?"

"ಇಲ್ಲಪ್ಪಾ," ಅಂದ ಅಪ್ಪ.