ಪ್ಯಾಟ್ರಿಶಿಯಾ ಮೇಡಂ ಎಲ್ಲಿ?

ನನಗೆ ಸಾಕಾಗಿ ಹೋಗಿದೆ. ಗಲ್ಫ್‌ನಲ್ಲಿ ತೀರಿಹೋದವರನ್ನು ಊರಿಗೆ ಕಳಿಸುವುದು ಇಲ್ಲಿ ಮುಸಫ್ಫಾದಲ್ಲಿರುವ ನಮ್ಮ ಕಂಪನಿಯ ಕೆಲಸ. ಕಾಗದಪತ್ರ ನನ್ನದು. ಹೆಂಗಸರ ದೇಹ ತೊಳೆದು, ಬಟ್ಟೆ ಉಡಿಸಿ, ಪೆಟ್ಟಿಗೆಯಲ್ಲಿ ಮಲಗಿಸುವುದು ಪ್ಯಾಟ್ರಿಶಿಯಾಳದ್ದು. ಹಳಿಯಾಳದ ಸಿದ್ದಿ ಹೆಂಗಸು. ಹುಬ್ಬಳ್ಳಿಯ ಶವಾಗಾರದಲ್ಲಿ ಆರು ವರ್ಷ ದುಡಿದು ಬಂದವಳು. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವರ ಬಣ್ಣ, ಅವರದೇ ಗುಂಗುರು ಕೂದಲು. ಬಾಯಿ ಬಿಟ್ಟರೆ ಮಾತ್ರ ಅಪ್ಪಟ ಹಳಿಯಾಳ. ಫೋನಿನಲ್ಲಿ ಅವಳ ಕನ್ನಡ ಕೇಳಿದ ಜನ, ನಮ್ಮ ಊರಿನವರೇ ಸಿಕ್ಕಿದರಲ್ಲ ಎಂದು ಅಳುತ್ತಾರೆ. ಎದುರಿಗೆ ಬಂದಾಗ ಅವಳನ್ನೇ ಕರೆದು, "ಎಕ್ಸ್‌ಕ್ಯೂಸ್ ಮಿ, ಪ್ಯಾಟ್ರಿಶಿಯಾ ಮೇಡಂ ಎಲ್ಲಿ?" ಎನ್ನುತ್ತಾರೆ. ನಾನೂ ಏನು ಸಾಚಾ ಅಲ್ಲ. ಮೊದಲ ದಿನ ಅವಳಿಗೆ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದವನೇ.

ಅವಳಿಗಿಂತ ಮೊದಲು ದೇಹ ತೊಳೆಯುವ ಕೋಣೆಗೆ ಮುಖ್ಯಸ್ಥೆಯಾಗಿದ್ದವಳು ಕೀನ್ಯಾದ ವಾಂಜಿರು. ಇಲ್ಲಿನ ಕೆಲಸವನ್ನೆಲ್ಲ ಪ್ಯಾಟ್ರಿಶಿಯಾಗೆ ಕಲಿಸಿದವಳೂ ಅವಳೇ. ವಾಂಜಿರು ಮೇಲೆ ಮೂರು ದೂರು ಬಂದವು. ಮೂರರಲ್ಲೂ ತಪ್ಪೇನೆಂದು ಬರೆದಿರಲಿಲ್ಲ. ಮ್ಯಾನೇಜರ್ ಅವಳನ್ನು ಇಳಿಸಿ ಸಹಾಯಕಿ ಮಾಡಿದ. ಈಗ ಪ್ಯಾಟ್ರಿಶಿಯಾ ಮೇಲೂ ಎರಡಾಗಿವೆ. "ಇನ್ನೊಂದು ಬಂದರೆ ಖಲಾಸ್, ನೀನು ಫೋನಿಗೆ" ಎಂದುಬಿಟ್ಟಿದ್ದಾನೆ. ಅವಳಿಗೆ ಫೋನು ಬೇಡ. ಕಲಿತ ವಿದ್ಯೆ ಇರುವುದು ಆ ಕೋಣೆಯಲ್ಲಿ.

ಹೀಗಿರುವಾಗ ಇಲ್ಲಿನ ರುವೈಸ್ ಪಟ್ಟಣದಲ್ಲಿರುವ ಕೊರಗಪ್ಪನವರ ಹೆಂಡತಿ ಪ್ರಫುಲ್ಲಾ ತೀರಿಕೊಂಡರು. ಉಡುಪಿ ಕಡೆಯವರು. ಎರಡು ದಿನ ಅಪ್ಪ ಮಗ ಇಬ್ಬರಿಗೂ ಫೋನಿನಲ್ಲಿ ಎಲ್ಲಕ್ಕೂ ಪ್ಯಾಟ್ರಿಶಿಯಾ ಮೇಡಂ: ಯಾವ ಸೀರೆ, ಮಲ್ಲಿಗೆ ಎಷ್ಟು, ಕರಿಮಣಿ ಇರಲೋ ತೆಗೆಯಲೋ. ಮೂರನೆಯ ದಿನ ಮಗ ಸುಶಾಂತನ ಜೊತೆ ಬಂದರು. ಬಾಗಿಲಲ್ಲಿ ಅವಳನ್ನು ನೋಡಿದ್ದೇ ತಡ, ಸುಶಾಂತ್ ನನ್ನ ಕಡೆ ತಿರುಗಿದ.

"ನಮ್ಗೆ ಪ್ಯಾಟ್ರಿಶಿಯಾ ಮೇಡಂ ಬೇಕು. ಇವ್ರು ಅಮ್ಮನ್ನ ಟಚ್ ಮಾಡುದು ಬೇಡ."

"ನಾನೇ ರೀ ಪ್ಯಾಟ್ರಿಶಿಯಾ," ಎಂದಳು ಅವಳು. "ಎರಡು ದಿನದಿಂದ ನನ್ ಕೂಡಾನೇ ಮಾತಾಡಾಕತ್ತೀರಿ."

ಅವನು ಬೆಚ್ಚಿಬಿದ್ದ. "ಕನ್ನಡ ಎಲ್ಲಿ ಕಲ್ತದ್ದು ನೀವು?"

"ಅವ್ವನ ಹೊಟ್ಟ್ಯಾಗ."

ಅಷ್ಟಾದರೂ ಒಪ್ಪಲಿಲ್ಲ. ನಮ್ಮವರೇ ಉಡಿಸಬೇಕಂತೆ. ಇಲ್ಲಿರುವ ಊರಿನವರ ವಾಟ್ಸ್ಆ್ಯಪ್ ಗುಂಪಿಗೆ, ಹೆಂಗಸರು ಯಾರಾದರೂ ಬನ್ನಿ ಎಂದು ಹಾಕಿದ. ಕೈಮುಗಿಯುವ ಚಿತ್ರ ನಲವತ್ತಮೂರು ಬಂದವು. ಹೆಂಗಸು ಒಬ್ಬಳೂ ಬರಲಿಲ್ಲ. ಒಬ್ಬರಿಗೆ ಮಗುವಿನ ಪರೀಕ್ಷೆ, ಇನ್ನೊಬ್ಬರಿಗೆ ಹೆಣ ಎಂದರೆ ಹೆದರಿಕೆ. ಪೆಟ್ಟಿಗೆ ನಾಲ್ಕಕ್ಕೆ ವಿಮಾನ ನಿಲ್ದಾಣ ಸೇರಬೇಕಿತ್ತು. ಎರಡು ಗಂಟೆಗೆ ಕೊರಗಪ್ಪ ಸೀರೆಯ ಚೀಲವನ್ನು ಪ್ಯಾಟ್ರಿಶಿಯಾಳ ಕೈಗೆ ಕೊಟ್ಟರು, ಮುಖ ನೋಡದೆ. ಅವಳೂ ವಾಂಜಿರುವೂ ಒಳಗೆ ಹೋದರು. ಸುಶಾಂತ್ ಹೊರಗೆ ಕೂತು, ಆಫ್ರಿಕನ್ ಹೆಂಗಸು ಮುಟ್ಟಿದ್ದರಿಂದ ಮನೆಯವರಿಗೆ ನೋವಾಗಿದೆ ಎಂದು ಇಂಗ್ಲಿಷಿನಲ್ಲಿ ದೂರು ಬರೆದ. ಸಹಿ ಮಾತ್ರ ಅಪ್ಪನದ್ದೇ ಬೇಕಿತ್ತು. ಆ ಹಾಳೆಯನ್ನು ಅವನ ಬಾಯಿಗೇ ತುರುಕುವಷ್ಟು ಸಿಟ್ಟು ಬಂತು ನನಗೆ. ಸಂಬಳಕ್ಕಿರುವವನು, ವಿಮಾನದ ಕಾಗದಪತ್ರ ಜೋಡಿಸಿದೆ.

ಮುಕ್ಕಾಲು ಗಂಟೆಯ ನಂತರ ಒಳಗೆ ಕರೆದರು. ಹಸಿರು ಸೀರೆಯ ನೆರಿಗೆ ಒಂದರ ಮೇಲೊಂದು ನೀಟಾಗಿ ಕೂತಿತ್ತು. ಹಣೆಯಲ್ಲಿ ಕುಂಕುಮ, ಕತ್ತಿನಲ್ಲಿ ಕರಿಮಣಿ, ಮುಡಿಯಲ್ಲಿ ಮಲ್ಲಿಗೆ.

"ಮದುವೆಗೆ ಹೊರಟ ಹಾಗುಂಟು ಇವಳು," ಎಂದು ಕೊರಗಪ್ಪ ಬಿಕ್ಕಿ ಬಿಕ್ಕಿ ಅತ್ತರು.

ಸುಶಾಂತ್ ಆ ಹೊತ್ತಿಗೂ ಹಾಳೆ ಮುಂದೆ ಹಿಡಿದ. ಅವರು ಓದಿ ಹಿಂದಕ್ಕೆ ತಳ್ಳಿದರು.

"ಸೈನ್ ಹಾಕುದಿಲ್ಲ ಮಾರಾಯ. ಆಫ್ರಿಕದವ್ರು ಯಾರಿದ್ದಾರೆ ಇಲ್ಲಿ? ಇವ್ರು ನಮ್ಮವ್ರೇ ಅಲ್ವಾ."

ಸದ್ಯ, ಬಚಾವಾದಳು ಎಂದು ನಾನು ಉಸಿರು ಬಿಟ್ಟೆ. ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಪ್ಯಾಟ್ರಿಶಿಯಾ ಬಿಡಬೇಕಲ್ಲ! ಮೂಲೆಯಲ್ಲಿ ಕೈಗವಸು ಕಳಚುತ್ತಿದ್ದ ವಾಂಜಿರುವಿನ ತೋಳು ಹಿಡಿದು ಎದುರಿಗೆ ತಂದಳು.

"ಈಕಿ ಕೀನ್ಯಾದಾಕಿ ರೀ. ಕಾಲ ಕಡೆ ನಿಂತು ನೆರಿಗಿ ಹಿಡದಾಕಿ ಈಕಿನ. ನಾ ನಿಮ್ಮಾಕಿ ಆದ್ನಿ, ಆತು. ಈಕಿ ಮ್ಯಾಲೆ ಸೈನ್ ಹಾಕ್ತೀರೇನು?"

ವಾಂಜಿರುವಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಸುಶಾಂತ್ ಹಾಳೆಯನ್ನು ಮಡಚತೊಡಗಿದ. ಕೊರಗಪ್ಪ ಮೊದಲ ಸಲ ವಾಂಜಿರುವಿನ ಮುಖ ನೋಡಿದರು, ಆಮೇಲೆ ಹೆಂಡತಿಯ ಸೀರೆಯನ್ನು.

"ಬೆಳಿಗ್ಗೆ ಆದ್ರೆ ಹಾಕ್ತಿದ್ದೆ," ಎಂದರು. "ಮೂವತ್ತು ವರ್ಷ ಇವಳ ನೆರಿಗೆ ಹಿಡಿದದ್ದು ನಾನು. ನನಗೆ ಒಂದು ದಿನವೂ ಇಷ್ಟು ಲಾಯ್ಕ ಬರ್ಲಿಲ್ಲ."